ಸಿಂಪ್ಯೂಟರಿನ ದಾಯಾದಿ

ಬರ್ಲಿನ್
26 ನವೆಂಬರ್

ತೀರ್ಥರೂಪು ಅಪ್ಪನಿಗೆ, ಅಮ್ಮನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಕೆಮ್ಮು ಹೋಗಿದೆ, ಅಮ್ಮ ಕಳಿಸಿದ ಕಷಾಯದ ಪುಡಿಯೂ ಮುಗಿದಿದೆ. ಎರಡಕ್ಕೂ ಸಂಬಂಧ ಇದೆ ಅಂತ ಅಮ್ಮ ಹೇಳುತ್ತಾಳೆ, ನಾನು ವಾದಕ್ಕೆ ಹೋಗುವುದಿಲ್ಲ. ಮಧ್ಯಾಹ್ನ ನಾಲ್ಕು ಗಂಟೆಗೆಲ್ಲ ಇಲ್ಲಿ ಕತ್ತಲೆ. ಆಫೀಸಿನಿಂದ ಹೊರಗೆ ಬಂದರೆ ರಾತ್ರಿ ಊಟದ ಹೊತ್ತೇನೋ ಅನ್ನಿಸುತ್ತದೆ, ಗಡಿಯಾರ ನೋಡಿದರೆ ಇನ್ನೂ ಕಾಫಿ ಹೊತ್ತು.

ಅಪ್ಪ, ಫೋನಿನಲ್ಲಿ ಏನಾದರೂ ಉದ್ದದ ವಿಷಯ ಶುರು ಮಾಡಿದರೆ ನೀವು ಮಧ್ಯದಲ್ಲೇ "ಸರಿ ಸರಿ, ಅಮ್ಮನ ಹತ್ರ ಮಾತಾಡು" ಅಂತ ಕೈ ಬದಲಾಯಿಸಿಬಿಡುತ್ತೀರಿ. ಅದಕ್ಕೇ ಈ ಸಲ ಪತ್ರ. ಪತ್ರವನ್ನು ಅರ್ಧಕ್ಕೇ ಅಮ್ಮನ ಕೈಗೆ ಕೊಡಲಾರಿರಿ. ಪೆನ್ನು ಹಿಡಿಯೋದಕ್ಕೆ ಇನ್ನೊಂದು ಕಾರಣವೂ ಇದೆ, ಅದು ಆಮೇಲೆ.

ಹೋದ ಭಾನುವಾರ ಮೌವರ್‌ಪಾರ್ಕಿಗೆ ಹೋಗಿದ್ದೆ. ಮೌವರ್ ಅಂದರೆ ಗೋಡೆ. ಊರನ್ನು 1989ರ ತನಕ ಎರಡು ಭಾಗ ಮಾಡಿದ್ದ ಗೋಡೆ ಹಾದುಹೋಗಿದ್ದ ಜಾಗ ಅದು, ಈಗ ಪಾರ್ಕು. ಇಲ್ಲಿ ಭಾನುವಾರ ಅಂಗಡಿಗಳೆಲ್ಲ ಬಂದ್, ಈ ಹಳೇ ಸಾಮಾನಿನ ಸಂತೆಗೆ ಮಾತ್ರ ಭಾನುವಾರವೇ ಹಬ್ಬ. ಚಿಕ್ಕವಳಿದ್ದಾಗ ನೀವು ನನ್ನನ್ನು ಅವೆನ್ಯೂ ರಸ್ತೆ ಕಡೆಯ ಸಂಡೇ ಬಜಾರಿಗೆ ಕರಕೊಂಡು ಹೋಗುತ್ತಿದ್ದಿರಲ್ಲ, ನೆಲದ ಮೇಲೆ ಗೋಣಿ ಹಾಸಿ ಸ್ಪ್ಯಾನರು, ಟ್ರಾನ್ಸಿಸ್ಟರು, ಒಂಟಿ ಚಪ್ಪಲಿ ಎಲ್ಲ ಒಟ್ಟಿಗೇ ಹರಡಿರುತ್ತಿದ್ದರು. ಇದೂ ಹಾಗೇ. ಗೋಣಿಯ ಬದಲು ಮೇಜು, ಬಿಸಿಲಿನ ಬದಲು ಎರಡು ಡಿಗ್ರಿ ಚಳಿ.

ಒಬ್ಬ ಅಜ್ಜ ಹಳೇ ಚಾರ್ಜರುಗಳ ಗಂಟೊಂದನ್ನು ಬಾಳೆಹಣ್ಣಿನ ರಟ್ಟಿನ ಡಬ್ಬದಲ್ಲಿ ಇಟ್ಟುಕೊಂಡಿದ್ದ. ಗಂಟನ್ನು ಎತ್ತಿದರೆ ಕೆಳಗೆ ಇದು. ಅಂಗೈಗಿಂತ ಸ್ವಲ್ಪ ಉದ್ದ, ಬೂದು ಬಣ್ಣ, ಇನ್ನೂರು ಗ್ರಾಂ ಹತ್ತಿರ ತೂಕ. ಕೆಳಭಾಗ ಹಿಡಿದು ಎಳೆದೆ, ಜಾರಿಕೊಂಡು ಕೆಳಗಿಳಿಯಿತು. ಒಳಗೆ ಪುಟ್ಟ ಕೀಬೋರ್ಡು! ಎಳ್ಳುಂಡೆಯಷ್ಟು ದಪ್ಪದ ಗುಂಡಿಗಳು ಅನ್ನೋಣ ಅಂದರೆ ಅಷ್ಟೂ ಇಲ್ಲ, ಕಡಲೆಬೇಳೆಯಷ್ಟು. ಶಾರ್ಪ್ ಕಂಪನಿಯ ಝೌರಸ್, ಎಸ್‌ಎಲ್-5500. 2002ರಲ್ಲಿ ಬಂದದ್ದು. ಆ ಕಾಲಕ್ಕೇ ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿ ಮಾರಿದ ಜೇಬಿನ ಕಂಪ್ಯೂಟರ್. ನನ್ನ ಕಾಲೇಜಿನ ದಿನಗಳಲ್ಲಿ ಇದರ ಫೋಟೋ ನೋಡಿ ಆಸೆ ಪಟ್ಟಿದ್ದೆನೇ ಹೊರತು ಕೈಯಲ್ಲಿ ಹಿಡಿದಿರಲಿಲ್ಲ.

ಬೆಲೆ ಕೇಳಿದೆ. ಹದಿನೈದು ಯೂರೋ ಅಂದ. ಅಮ್ಮ, ಇಲ್ಲಿ ನಿನ್ನ ವಿದ್ಯೆ ಪ್ರಯೋಗಿಸಿದೆ. ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ನೀನು ಮಾಡುತ್ತೀಯಲ್ಲ, ಸಾಮಾನು ಕೆಳಗಿಟ್ಟು, ಮುಖ ಗಂಟುಹಾಕಿ, ಎರಡು ಹೆಜ್ಜೆ ಮುಂದೆ ಹೋಗುವುದು. ಹಾಗೇ ಎಂಟು ಯೂರೋ ಅಂತ ಹೇಳಿ, ಕೆಳಗಿಟ್ಟು, ಹೊರಟೆ. ಎರಡು ಹೆಜ್ಜೆ ಆಯಿತು, ನಾಲ್ಕಾಯಿತು, ಹತ್ತಾಯಿತು. ಕರೆಯಲೇ ಇಲ್ಲ! ತಿರುಗಿ ನೋಡಿದರೆ ಅಜ್ಜ ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದಾನೆ. ಈ ಊರಿನವರಿಗೆ ಆಟದ ನಿಯಮವೇ ಗೊತ್ತಿಲ್ಲ. ಪಕ್ಕದ ಮೇಜಿನಲ್ಲಿ ಯಾವುದೋ ಪಿಂಗಾಣಿ ತಟ್ಟೆ ನೋಡುವ ನಾಟಕ ಮಾಡಿ, ನಾಚಿಕೆ ಬಿಟ್ಟು ವಾಪಸ್ ಹೋದೆ. ಹದಿನೈದೇ ಕೊಟ್ಟೆ. ಪಾಪ, ಅಜ್ಜ ಕೆಟ್ಟವನಲ್ಲ. ಅದನ್ನು ಕೂರಿಸಿಡುವ ಸ್ಟ್ಯಾಂಡನ್ನೂ ಅದೇ ಡಬ್ಬದಿಂದ ಹುಡುಕಿ ತೆಗೆದು ಪುಕ್ಕಟೆ ಕೊಟ್ಟ.

ಚಾರ್ಜರ್ ಮಾತ್ರ ಆ ಗಂಟಿನಲ್ಲಿ ಇರಲಿಲ್ಲ. ಬೇರೆ ತಂದೆ, 5 ವೋಲ್ಟಿನದು. ಚುಚ್ಚಲು ಹೋದವಳು ಕೈ ಹಿಂದಕ್ಕೆ ತೆಗೆದುಕೊಂಡೆ. "ಮೊದಲು ಮೀಟರ್, ಆಮೇಲೆ ಪ್ಲಗ್ಗು" ಅಂತ ನೀವು ನನ್ನ ತಲೆಗೆ ಮೊಟಕಿದ್ದು ಇನ್ನೂ ನೋಯುತ್ತದೆ. ಎಂಟನೇ ಕ್ಲಾಸಿನಲ್ಲಿ ನಿಮ್ಮ ರೇಡಿಯೋ ಸುಟ್ಟಿದ್ದೆನಲ್ಲ, ಆವತ್ತಿನದು. ಮೀಟರ್ ಹಿಡಿದು, ಪ್ಲಸ್ಸು ಮಧ್ಯದಲ್ಲೇ ಇದೆ ಅಂತ ಖಾತ್ರಿ ಮಾಡಿಕೊಂಡು ಕೊಟ್ಟೆ. ಚಾರ್ಜಿನ ದೀಪ ಹತ್ತಿತು. ಆದರೆ ಯಂತ್ರ ಏಳಲಿಲ್ಲ.

ಒಂದು ಗಂಟೆ, ಅಪ್ಪ. ಬ್ಯಾಟರಿ ತೆಗೆದೆ, ಹಾಕಿದೆ. ತುದಿಗಳನ್ನು ರಬ್ಬರಿನಿಂದ ಉಜ್ಜಿದೆ. ರೀಸೆಟ್ ಒತ್ತಿದೆ. ಹದಿನೈದು ಯೂರೋ ಗೋವಿಂದ ಅಂದುಕೊಂಡು ಮಗುಚಿ ನೋಡಿದರೆ, ಹಿಂದೆ ಬ್ಯಾಟರಿ ಮುಚ್ಚಳದ ಹತ್ತಿರ ಉಗುರಿನಷ್ಟು ಒಂದು ಸ್ವಿಚ್ಚು. ಬ್ಯಾಟರಿ ಬದಲಾಯಿಸುವಾಗ ಒಂದು ಕಡೆ ಸರಿಸಬೇಕು, ಆಮೇಲೆ ಮತ್ತೆ ಮೊದಲಿನ ಕಡೆಗೆ. ನಾನು ಸರಿಸಿಯೇ ಇರಲಿಲ್ಲ. ಸರಿಸಿದೆ, ಎದ್ದಿತು. ಇದನ್ನು ಪುಟ್ಟನಿಗೆ ಹೇಳಬೇಡಿ. (ಅವನು ಈ ಪತ್ರ ಓದುತ್ತಾನೆ ಅಂತ ಗೊತ್ತು. ನಗಬೇಡ ಕಣೋ.)

ಎದ್ದ ಕೂಡಲೆ ಅದು ಕೇಳಿದ್ದು, ಪರದೆಯ ಮೇಲಿನ ಗುರುತುಗಳನ್ನು ಕಡ್ಡಿಯಿಂದ ಮುಟ್ಟು ಅಂತ. ಹೊಸದಾಗಿ ಅಂಗಡಿಯಿಂದ ಬಂದ ಹಾಗೆ. ಹಳೇ ಯಜಮಾನರ ಒಂದು ಫೋನ್ ನಂಬರೂ ಇಲ್ಲ, ಒಂದು ಚೀಟಿಯೂ ಇಲ್ಲ. ಯಾರೂ ಅಳಿಸಿದ್ದಲ್ಲ. ಇದರೊಳಗೆ ಶಾಶ್ವತವಾದ ಜಾಗ 16 ಎಂಬಿ ಮಾತ್ರ, ಅದು ಸಿಸ್ಟಮ್ಮಿಗೇ ಸರಿಹೋಗುತ್ತದೆ. ನಾವು ಬರೆದಿಟ್ಟದ್ದೆಲ್ಲ ಕರೆಂಟು ಇರುವಷ್ಟು ಹೊತ್ತು ಮಾತ್ರ ನೆನಪಿಡುವ 64 ಎಂಬಿ ರ‍್ಯಾಮಿನಲ್ಲೇ ಒಂದು ಪಾಲಿನಲ್ಲಿ ಕೂರುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ಎಲ್ಲ ಹೋಯಿತು. ಸ್ಲೇಟಿನ ಹಾಗೆ, ಆದರೆ ಒರೆಸುವುದಕ್ಕೆ ಎಂಜಲೂ ಬೇಡ, ಮರೆತುಬಿಟ್ಟರೆ ಸಾಕು. ಈಗಿನ ಬ್ಯಾಟರಿ ಇಪ್ಪತ್ತು ನಿಮಿಷ ನಿಲ್ಲುವುದಿಲ್ಲ. ಹಾಗಾಗಿ ಗೂಟಕ್ಕೆ ಕಟ್ಟಿದ ಹಸುವಿನ ಥರ ಗೋಡೆಯ ಪ್ಲಗ್ಗಿಗೆ ಕಟ್ಟಿಟ್ಟಿದ್ದೇನೆ.

ಕಮಾಂಡ್ ಹೊಡೆಯುವ ಟರ್ಮಿನಲ್ ಪ್ರೋಗ್ರಾಮು ಇರಲಿಲ್ಲ, ಕಾಂಪ್ಯಾಕ್ಟ್ ಫ್ಲ್ಯಾಶ್ ಅನ್ನುವ ಮೆಮೊರಿ ಕಾರ್ಡಿನಿಂದ ಹಾಕಿದೆ. ಕಡಲೆಬೇಳೆ ಗುಂಡಿಗಳ ಮೇಲೆ ಎರಡು ಹೆಬ್ಬೆರಳಿನಿಂದ ಕಮಾಂಡ್ ಹೊಡೆದೆ, ನಿನ್ನ ಪ್ರೊಸೆಸರ್ ಯಾವುದಪ್ಪಾ ಅಂತ. ಉತ್ತರ ಬಂತು: ಸ್ಟ್ರಾಂಗ್‌ಆರ್ಮ್-1110.

ಅಪ್ಪ, ಈ ಹೆಸರು ನಿಮ್ಮ ಬಾಯಲ್ಲಿ ಕೇಳಿದ್ದು. ನಾನಾಗ ಐದನೇ ಕ್ಲಾಸು. ಊಟದ ಹೊತ್ತಿನಲ್ಲಿ "ನಮ್ಮ ಫ್ಯಾಕ್ಟರೀಲಿ ಕೈಯಲ್ಲಿ ಹಿಡಿಯೋ ಕಂಪ್ಯೂಟರ್ ಮಾಡ್ತಿದಾರೆ, ಅದರೊಳಗಿನ ಚಿಪ್ಪಿನ ಹೆಸರು ಸ್ಟ್ರಾಂಗ್ ಆರ್ಮ್" ಅಂದಿರಿ. ಹಂಗಂದ್ರೇನು ಅಂದೆ. "ಭೀಮನ ತೋಳು" ಅಂದಿರಿ. ಮಾರನೇ ದಿನ ಸ್ಕೂಲಿನಲ್ಲಿ ಎಲ್ಲರಿಗೂ ನಮ್ಮಪ್ಪ ಭೀಮನ ತೋಳಿರೋ ಕಂಪ್ಯೂಟರ್ ಮಾಡ್ತಾರೆ ಅಂತ ಹೇಳಿಕೊಂಡು ಬಂದಿದ್ದೆ. ನಿಮ್ಮದು ಬೇರೆ ವಿಭಾಗ ಅನ್ನುವುದು ಆಗ ಗೊತ್ತಿರಲಿಲ್ಲ.

ನಿಮಗೆ ಗೊತ್ತಿರುವ ಕಥೆಯೇ, ಪುಟ್ಟನಿಗೋಸ್ಕರ ಬರೆಯುತ್ತಿದ್ದೇನೆ. ಅವನಿಗೆ ಆಗ ಎರಡು ವರ್ಷ. ಪುಟ್ಟಾ, ನೀನು ಬಸ್ಸಿನಲ್ಲಿ ದಿನಾ ದಾಟಿ ಹೋಗುತ್ತೀಯಲ್ಲ ಟಾಟಾ ಇನ್‌ಸ್ಟಿಟ್ಯೂಟು, ಅದೇ ಐಐಎಸ್‌ಸಿ, ಅಲ್ಲಿನ ನಾಲ್ಕು ಜನ ಮೇಷ್ಟ್ರು ಮತ್ತು ಎನ್‌ಕೋರ್ ಅನ್ನುವ ಬೆಂಗಳೂರಿನದೇ ಕಂಪನಿಯವರು ಸೇರಿ ಸಿಂಪ್ಯೂಟರ್ ಅಂತ ಒಂದು ಕೈ ಕಂಪ್ಯೂಟರ್ ಮಾಡಿದರು. ಸ್ವಾಮಿ ಮನೋಹರ್, ವಿನಯ್, ವಿಜಯ್ ಚಂದ್ರು, ರಮೇಶ್ ಹರಿಹರನ್, ಇವರು ಆ ನಾಲ್ವರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ತೋರಿಸಿದರು. ಒಳಗೆ ಲಿನಕ್ಸು. ಐಫೋನ್ ಬರೋದಕ್ಕೆ ಆರು ವರ್ಷ ಮುಂಚೆ, ತಿಳ್ಕೋ. ಊರಿಗೊಂದು ಯಂತ್ರ, ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡು ಅನ್ನುವುದು ಅವರ ಯೋಚನೆ. ಪಂಚಾಯ್ತಿ ಕಟ್ಟೆಗೆ ಹೋಗಿ ನಿನ್ನ ಕಾರ್ಡು ತೂರಿಸಿದರೆ ಅಷ್ಟು ಹೊತ್ತು ಅದು ನಿನ್ನ ಕಂಪ್ಯೂಟರ್. 2004ರಲ್ಲಿ ಅಮಿಡಾ ಅನ್ನುವ ಹೆಸರಿನಲ್ಲಿ ಜಾಲಹಳ್ಳಿಯ ಬಿಇಎಲ್‌ನಲ್ಲಿ (ಅದೇ ಅಪ್ಪನ ಫ್ಯಾಕ್ಟರಿ) ತಯಾರಾಗಿ ಅಂಗಡಿಗೆ ಬಂತು. ಕೈ ಓರೆ ಮಾಡಿದರೆ ಪುಟ ತಿರುಗುತ್ತಿತ್ತು, ಒಳಗೆ ಅಲುಗಾಟ ಗುರುತಿಸುವ ಸೆನ್ಸರ್ ಇತ್ತು. ನಮ್ಮ ಸರ್ಕಾರ ಜಮೀನಿನ ದಾಖಲೆ ಕೆಲಸಕ್ಕೂ ಬಳಸಿತು.

"ಒಂದು ಮನೆಗೆ ತನ್ನಿ" ಅಂತ ಹಠ ಮಾಡಿದ್ದೆ. "ಅದು ಊರಿಗೊಂದು, ಮನೆಗೊಂದಲ್ಲ" ಅಂದಿರಿ. ಎರಡು ದಿನ ನಿಮ್ಮ ಜೊತೆ ಟೂ ಬಿಟ್ಟಿದ್ದೆ.

ಮೊನ್ನೆ ಕೂತು ಎರಡರ ಜಾತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಚಿಪ್ಪು, ಅದೇ 206 ಮೆಗಾಹರ್ಟ್ಸ್ ವೇಗ. ಪರದೆಯೂ 320, 240 ಚುಕ್ಕಿ. ಇಬ್ಬರೂ ಲಿನಕ್ಸ್ ಮನೆತನದವರು. ಒಂದೇ ಅಜ್ಜನ ಮೊಮ್ಮಕ್ಕಳು, ಒಬ್ಬ ಜಪಾನಿನಲ್ಲಿ ಬೆಳೆದ, ಒಬ್ಬ ಜಾಲಹಳ್ಳಿಯಲ್ಲಿ. ಜಪಾನಿನವನಿಗೆ ಬಣ್ಣದ ಬಟ್ಟೆ, ಕೀಬೋರ್ಡು ಎಲ್ಲ ಕೊಡಿಸಿದ್ದಾರೆ. ಆದರೆ ಈಗ ಪೆನ್ನು ಹಿಡಿದ ಎರಡನೇ ಕಾರಣಕ್ಕೆ ಬರುತ್ತೇನೆ.

ಈ ಪತ್ರವನ್ನು ಅದರಲ್ಲೇ ಟೈಪು ಮಾಡಿ ನಿಮ್ಮನ್ನು ಬೆರಗುಗೊಳಿಸಬೇಕು ಅಂತಿದ್ದೆ. ಲ್ಯಾಪ್‌ಟಾಪಿನಿಂದ ಒಂದು ಕನ್ನಡ ಫೈಲು ಹಾಕಿ ತೆರೆದರೆ ಸಾಲಿಗೆ ಸಾಲು ಬರೀ ಡಬ್ಬಗಳು. ಫಾಂಟು ಹಾಕಿದೆ. ಅಕ್ಷರ ಬಂತು, ಒತ್ತಕ್ಷರ ಬರಲಿಲ್ಲ. 'ಅಪ್ಪ' ಅಂತ ಬರೆದದ್ದು ಅ, ಪ್, ಪ ಅಂತ ಬಿಡಿಬಿಡಿಯಾಗಿ ಸಾಲು ನಿಂತಿತು, ಪ್ರೈಮರಿ ಸ್ಕೂಲಿನ ಪ್ರೇಯರಿನಲ್ಲಿ ನಿಂತ ಮಕ್ಕಳ ಹಾಗೆ. ಒತ್ತನ್ನು ಅಕ್ಷರದ ಕೆಳಗೆ ಕೂರಿಸಬೇಕು ಅನ್ನುವ ಬುದ್ಧಿ ಆ ಕಾಲದ ಅದರ ಸಾಫ್ಟ್‌ವೇರಿಗೆ ಇಲ್ಲ.

ಸಿಂಪ್ಯೂಟರಿಗೆ ಬಾಯಿಯೇ ಇತ್ತು! 'ಧ್ವನಿ' ಅನ್ನುವ ಪ್ರೋಗ್ರಾಮು, ಆ ನಾಲ್ವರಲ್ಲಿ ಒಬ್ಬರಾದ ರಮೇಶ್ ಹರಿಹರನ್ ಅವರದು. ಕನ್ನಡದಲ್ಲಿ ಬರೆದದ್ದನ್ನು ಓದಿ ಹೇಳುತ್ತಿತ್ತು. ಓದು ಬರಹ ಬಾರದವರೂ ಬಳಸಬೇಕು ಅನ್ನುವುದು ಅವರ ಲೆಕ್ಕ. ಅದೇ ತೋಳು, ಅಷ್ಟೇ ಬಲ. ಇದು 'ಅಪ್ಪ' ಅಂತ ಬರೆಯಲಾರದು, ಅದು ಬಾಯಿಬಿಟ್ಟು ಕನ್ನಡ ಮಾತಾಡಿತು. ಸಿಂಪ್ಯೂಟರ್ ಅಂದರೆ ಇಲ್ಲಿನ ನಮ್ಮ ಹುಡುಗರು "ಅಯ್ಯೋ, ಆ ಫ್ಲಾಪ್ ಐಟಮ್ಮಾ" ಅಂತ ನಗುತ್ತಾರೆ. ಮಾರಾಟ ಆಗಲಿಲ್ಲ, ನಿಜ. ಹತ್ತು ಸಾವಿರದ ಆಸುಪಾಸು ಬೆಲೆ, ಅಷ್ಟರಲ್ಲಿ ಮೊಬೈಲುಗಳು ಅಗ್ಗವಾಗಿ ಕೈಕೈಗೆ ಬಂದವು. ಆದರೆ ನನ್ನ ಮೇಜಿನ ಮೇಲಿರುವ ಈ ಜಪಾನಿನವನೂ ಬದುಕಲಿಲ್ಲವಲ್ಲ, ಇವನನ್ನು ನೋಡಿ ಯಾರೂ ನಗುವುದಿಲ್ಲ, ಮುದ್ದು ಮಾಡುತ್ತಾರೆ. ಇದು ನನಗೆ ಸ್ವಲ್ಪ ಉರಿಯುತ್ತದೆ.

ಪುಟ್ಟಾ, ನಿನಗೊಂದು ತಮಾಷೆ. ಈ ಝೌರಸ್‌ಗಳಿಗೆಲ್ಲ ಒಳಹೆಸರು ನಾಯಿ ಜಾತಿಗಳದು. ನನ್ನದು ಕೋಲಿ. ಆಮೇಲೆ ಬಂದವು ಪೂಡಲ್, ಕೋರ್ಗಿ, ಹಸ್ಕಿ, ಅಕಿಟಾ. ನಮ್ಮ ಬೀದಿಯ ಕೆಂಚನಿಗೆ ಸಮನಾದ ಮಾಡೆಲ್ ಯಾವುದೂ ಇಲ್ಲ. ಕೇಬಲ್ ಹಾಕಿದರೆ ನನ್ನ ಲ್ಯಾಪ್‌ಟಾಪಿನ ಲಿನಕ್ಸು ಇವತ್ತಿಗೂ ಇದನ್ನು ಗುರುತು ಹಿಡಿದು ಮಾತಾಡಿಸುತ್ತದೆ, ನೆಟ್‌ವರ್ಕ್ ಕಾರ್ಡ್ ಅಂದುಕೊಂಡು. 192.168.129.201, ಅದು ಇದರ ಮನೆ ವಿಳಾಸ. ವೈಫೈ ಆಸೆ ಬಿಟ್ಟಿದ್ದೇನೆ. ಆ ಕಾಲದ ಕಾರ್ಡುಗಳಿಗೆ ನಮ್ಮ ಮನೆ ರೂಟರಿನ ಬೀಗದ ಭಾಷೆ ಬಾರದು.

ಈಗ ಕೆಲಸದ ಮಾತು. ಅಪ್ಪ, ನನಗೊಂದು ಅಮಿಡಾ ಬೇಕು. ವಿದ್ಯಾರಣ್ಯಪುರದ ಅರ್ಧ ಜನ ಬಿಇಎಲ್‌ನಿಂದ ರಿಟೈರ್ ಆದವರೇ. ಬೆಳಿಗ್ಗೆ ವಾಕಿಂಗಿನಲ್ಲಿ ನಿಮ್ಮ ಗುಂಪಿನವರನ್ನು ಕೇಳಿ. ಯಾರದಾದರೂ ಅಟ್ಟದ ಮೇಲೆ, ಹಳೇ ಮಿಕ್ಸಿ ಡಬ್ಬದ ಪಕ್ಕ, ಒಂದು ಬಿದ್ದಿರಲೇಬೇಕು. ಅಲ್ಲಿ ಸಿಗದಿದ್ದರೆ ಪುಟ್ಟನನ್ನು ಎಸ್.ಪಿ. ರಸ್ತೆಗೆ ಅಟ್ಟಿ. ಮೇಲಿನ ಫಳಫಳ ಅಂಗಡಿಗಳಲ್ಲ, ಒಳಗಲ್ಲಿಯಲ್ಲಿ ಕಿಲೋ ಲೆಕ್ಕದಲ್ಲಿ ಬೋರ್ಡು ಮಾರುತ್ತಾರಲ್ಲ, ಅಲ್ಲಿಗೆ. ಎರಡು ಸಾವಿರದ ತನಕ ಕೊಡಬಹುದು. ಕೆಟ್ಟಿದ್ದರೂ ಪರವಾಗಿಲ್ಲ, ಪರದೆ ಒಡೆದಿರಬಾರದು ಅಷ್ಟೆ. ಬ್ಯಾಟರಿ ಉಬ್ಬಿದ್ದರೆ ಮೊದಲು ತೆಗೆದು ಮನೆಯಿಂದ ಹೊರಗಿಡಿ, ಅಮ್ಮನ ಅಡುಗೆ ಮನೆ ಕಪಾಟಿನಲ್ಲಂತೂ ಇಡಬೇಡಿ. ಸಿಕ್ಕರೂ ಆನ್ ಮಾಡಬೇಡಿ. ಜನವರಿಯಲ್ಲಿ ನಾನು ಇವನನ್ನೂ ಕರಕೊಂಡು ಬರುತ್ತೇನೆ, ಒಟ್ಟಿಗೆ ಕೂತು ಮಾಡೋಣ. ನೀವು ಬೆಸುಗೆ ಹಾಕಿ, ನಾನು ಟಾರ್ಚು ಹಿಡಿಯುತ್ತೇನೆ.

ಅಮ್ಮ, ನಾನು ಬರುವಷ್ಟರಲ್ಲಿ ಸೊಗಡಿನ ಅವರೆಕಾಯಿ ಮುಗಿದುಹೋಗಿರುತ್ತದೆ ಅಂತ ಹೆದರಿಸಬೇಡ. ಒಂದು ಕಿಲೋ ಹಿತುಕಿದ ಬೇಳೆ ಫ್ರೀಜರಿನಲ್ಲಿ ನನ್ನ ಹೆಸರಿನಲ್ಲಿ ಇರಲಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯ ತಾನೆ?

ಇತಿ ನಿಮ್ಮ ಮಗಳು,
ಚಿನ್ನಿ

ಮರೆತಿದ್ದೆ: ಹದಿನೈದು ಯೂರೋಗೆ ಎಷ್ಟು ರೂಪಾಯಿ ಆಯಿತು ಅಂತ ಪುಟ್ಟನ ಹತ್ತಿರ ಲೆಕ್ಕ ಹಾಕಿಸಬೇಡ ಅಮ್ಮ. ಎಂಟಕ್ಕೇ ಕೊಟ್ಟ ಅಂತ ಅಂದುಕೊ.