ವಾರದ ಉಳಿದ ಆರು ದಿನ
ಚಿ. ಸೌಮ್ಯಾಳಿಗೆ ಆಶೀರ್ವಾದಗಳು.

ನೀನು ಮಕ್ಕಳಿಗೆ ಪಿಯಾನೊ ಪಾಠ ಹೇಳಿಕೊಡಲು ಶುರುಮಾಡುತ್ತಿರುವ ಸುದ್ದಿ ತಿಳಿದು ಸಂತೋಷವಾಯಿತು. ನಿನ್ನ ನುಡಿಸಾಣಿಕೆಯ ಬಗ್ಗೆ ನಾನು ಹೇಳುವುದೇನೂ ಇಲ್ಲ. ಆದರೆ ಮಗು ನಿನ್ನ ಮುಂದೆ ಕೂರುವುದು ವಾರಕ್ಕೆ ಅರ್ಧ ಗಂಟೆ. ಉಳಿದ ಆರು ದಿನ ಅದು ಮನೆಯಲ್ಲಿ ಒಂದೇ ಕೂತು ಅಭ್ಯಾಸ ಮಾಡಬೇಕು. ಹೇಗೆ ಮಾಡಬೇಕೆಂಬುದನ್ನು ನೀನು ಕಲಿಸದಿದ್ದರೆ ಬೇರೆ ಯಾರೂ ಕಲಿಸುವುದಿಲ್ಲ.

ಮೊದಲು ಬೆಂಚು ನೋಡು. ಮೊಣಕೈ ಕೀಗಳ ಮಟ್ಟಕ್ಕೆ ಬರಬೇಕು, ಮಗು ಬೆಂಚಿನ ಮುಂದಿನ ಅರ್ಧದಲ್ಲಿ ಕೂರಬೇಕು. ಕಾಲು ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ ಇಡು. ಕಾಲು ತೂಗಾಡಿದರೆ ಮೈಗೆ ಆಸರೆ ತಪ್ಪಿ ಭುಜ ಬಿಗಿಯುತ್ತದೆ, ಆ ಬಿಗಿತ ಮಣಿಕಟ್ಟಿಗೆ ಇಳಿಯುತ್ತದೆ. ಆಮೇಲೆ "ಕೈ ಸಡಿಲ ಬಿಡು" ಎಂದು ಎಷ್ಟು ಸಲ ಹೇಳಿದರೂ ವ್ಯರ್ಥ.

ಮೊದಲ ದಿನ ನೊಟೇಶನ್ ತೆರೆಯಬೇಡ. ಎರಡು ಕಪ್ಪು ಕೀಗಳ ಗುಂಪಿಗೆ ಎಡಕ್ಕೆ ಅಂಟಿಕೊಂಡ ಬಿಳಿ ಕೀಯೇ ಸಿ ಸ್ವರ (ಅಲ್ಲಿಂದ ಬಲಕ್ಕೆ ಬಿಳಿ ಕೀಗಳು ಡಿ, ಇ, ಎಫ್, ಜಿ, ಎ, ಬಿ) ಎಂದು ತೋರಿಸಿ, ಎಲ್ಲ ಸಿಗಳನ್ನೂ ಹುಡುಕಲು ಹೇಳು. 88 ಕೀಗಳ ವಾದ್ಯದಲ್ಲಿ ಮಗುವಿಗೆ ಏಳು ಸಿಗುತ್ತವೆ. ಎಂಟನೆಯದು ಬಲತುದಿಯ ಕೊನೆಯ ಕೀ, ಅದರ ಆಚೆ ಕಪ್ಪು ಗುಂಪೇ ಇಲ್ಲ. ಅದನ್ನು ತಾನಾಗಿಯೇ ಪತ್ತೆ ಮಾಡಿದ ಮಗುವಿಗೆ ಕೀಗಳ ಜೋಡಣೆ ಅರ್ಥವಾಯಿತೆಂದೇ ತಿಳಿ.

ತಿಂಗಳುಗಟ್ಟಲೆ ಹೆಬ್ಬೆರಳನ್ನು ನಡುವಿನ ಸಿ ಮೇಲೆಯೇ ಕೂರಿಸಬೇಡ. ಹಾಗೆ ಮಾಡಿದರೆ ಮಗು ಸ್ವರ ಓದುವುದನ್ನು ಬಿಟ್ಟು ಬೆರಳಿನ ಸಂಖ್ಯೆ (ಹೆಬ್ಬೆರಳು 1, ಕಿರುಬೆರಳು 5) ಓದುತ್ತದೆ, ಕೈ ಬೇರೆಡೆಗೆ ಸರಿದ ದಿನ ಎಲ್ಲವೂ ಮರೆತುಹೋಗುತ್ತದೆ. ಹತ್ತೊಂಬತ್ತನೇ ಶತಮಾನದ ಪಿಯಾನೊ ಸಂಗೀತಕಾರ ಶೊಪಾನ್ ಶಿಷ್ಯರ ಕೈಯನ್ನು ಇ, ಮೂರು ಕಪ್ಪು ಕೀ, ಬಿ ಮೇಲೆ ಇರಿಸುತ್ತಿದ್ದ: ಉದ್ದದ ಬೆರಳಿಗೆ ಕಪ್ಪು, ಗಿಡ್ಡ ಬೆರಳಿಗೆ ಬಿಳಿ. ಬರೀ ಬಿಳಿ ಕೀಗಳ ಸ್ವರಸಾಲಾದ ಸಿ ಮೇಜರ್ ಸ್ಕೇಲ್ ಓದಲು ಸುಲಭ, ಕೈಗೆ ಮಾತ್ರ ಕಷ್ಟ.

ಅದೇ ಸ್ಕೇಲಿನಲ್ಲಿ ಬಲಗೈ 1-2-3-1-2-3-4-5 ಹೋಗುವಾಗ ಎಫ್ ಬಂದಲ್ಲಿ 'ಧಡ್' ಎಂಬ ಸದ್ದು ಕೇಳುತ್ತದೆ. ಹೆಬ್ಬೆರಳು ತಡವಾಗಿ ಹೊರಟು ಅವಸರದಲ್ಲಿ ಬೀಳುವುದೇ ಕಾರಣ. ಎರಡನೇ ಬೆರಳು ಡಿ ಒತ್ತುತ್ತಿದ್ದಂತೆಯೇ ಹೆಬ್ಬೆರಳು ಅಂಗೈಯಡಿ ಸರಿಯತೊಡಗಬೇಕು. ಮೊಣಕೈ ಎತ್ತಿ ಜಾಗ ಮಾಡಿಕೊಡಲು ಬಿಡಬೇಡ.

ಇನ್ನು ಅಭ್ಯಾಸ. ಮಕ್ಕಳು ಪ್ರತಿ ಸಲವೂ ಮೊದಲಿನಿಂದ ಶುರುಮಾಡಿ, ತಪ್ಪಾದೊಡನೆ ಮತ್ತೆ ಮೊದಲಿಗೇ ಓಡುತ್ತಾರೆ. ಹೀಗಾಗಿ ಆರಂಭ ಸೊಗಸು, ಕೊನೆಯ ಸಾಲು ಕುಂಟು. ಕೊನೆಯ ಎರಡು ತಾಳಖಂಡಗಳಿಂದ, ಅಂದರೆ ಬಾರ್‌ಗಳಿಂದಲೇ ಶುರುಮಾಡಿಸಿ ಹಿಂದಕ್ಕೆ ಬಾ. ತುಂಡು ಮಾಡುವಾಗ ಎರಡು ಬಾರ್‌ಗಳ ಜೊತೆಗೆ ಮುಂದಿನ ಬಾರಿನ ಮೊದಲ ಸ್ವರವನ್ನೂ ಸೇರಿಸು. ಇಲ್ಲದಿದ್ದರೆ ಬಾರುಗಳ ನಡುವಿನ ಪ್ರತಿ ಗೆರೆಯಲ್ಲೂ ಒಂದು ನಿಲುಗಡೆ ಅಭ್ಯಾಸವಾಗಿ, ಜೋಡಿಸಿ ನುಡಿಸುವಾಗ ಅದೇ ತೊಡಕಾಗುತ್ತದೆ. ಲಯ ತೋರಿಸುವ ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತಕ್ಕೆ ಇಡು, ಸತತ ಮೂರು ಸಲ ಸರಿಬಂದರೆ 64. ಮೂರನೆಯದು ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಮಕ್ಕಳು ಇಲ್ಲಿ ವಾದ ಹೂಡುತ್ತಾರೆ, ಜಗ್ಗಬೇಡ.

ನೋಟ್‌ಬುಕ್ಕಿನಲ್ಲಿ "12ನೇ ಪುಟ ಅಭ್ಯಾಸ ಮಾಡು" ಎಂದಷ್ಟೇ ಬರೆದರೆ ಏನೂ ಬರೆದಂತಾಗಲಿಲ್ಲ. "5ರಿಂದ 8ನೇ ಬಾರ್, ಎಡಗೈ ಮಾತ್ರ, 60ರಲ್ಲಿ, ಮೂರು ಸಲ" ಎಂದು ಬರೆ. ಪಾಠದ ಕೊನೆಯ ಎಂಟು ನಿಮಿಷ ಆ ಸಾಲನ್ನು ಮಗುವಿನಿಂದಲೇ ಓದಿಸಿ, ಮನೆಯಲ್ಲಿ ಮಾಡುವಂತೆಯೇ ಮಾಡಲು ಹೇಳಿ ನೀನು ಸುಮ್ಮನಿರು. ಎಲ್ಲಿ ದಾರಿ ತಪ್ಪುತ್ತದೆಂದು ಅಲ್ಲೇ ಗೊತ್ತಾಗುತ್ತದೆ.

ಸ್ವರಗಳನ್ನು ಎಳೆದು ಹಿಡಿಯುವ ಪೆಡಲನ್ನು ಸ್ವರದ ಜೊತೆಗೇ ಒತ್ತುವುದು ಎಲ್ಲರೂ ಮಾಡುವ ತಪ್ಪು. ಹಿಂದಿನ ಸ್ವರಗಳೂ ಸೇರಿ ಎಲ್ಲ ಕಲಸಿಹೋಗುತ್ತದೆ. ಹೊಸ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನುಡಿದ ಕ್ಷಣ ಪಾದ ಮೇಲೆ, ಅದು ಕೇಳಿದ ಮೇಲೆ ಪಾದ ಕೆಳಗೆ, ಹಿಮ್ಮಡಿ ನೆಲ ಬಿಡಬಾರದು. ಮೊದಲು ಒಂದೇ ಬೆರಳಿನಿಂದ ಮಾಡಿಸು: ಒಂದು ಎಂದಾಗ ಮೇಲೆ, ಎರಡು ಎಂದಾಗ ಕೆಳಗೆ.

ಸೇರಿಸಿಕೊಳ್ಳುವಾಗಲೇ ಮನೆಯಲ್ಲಿ ಯಾವ ವಾದ್ಯವಿದೆ ಎಂದು ಕೇಳು. ಒತ್ತುವಾಗ ಪಿಯಾನೊ ಕೀಯಂತೆ ತೂಕ ಸಿಗದ 61 ಕೀಗಳ ಕೀಬೋರ್ಡಿನಲ್ಲಿ ಮೆಲುದನಿ, ಏರುದನಿಗಳ ಹಿಡಿತ ಕೈಗೆ ಹತ್ತುವುದಿಲ್ಲ, ಅದನ್ನು ಹೆತ್ತವರಿಗೆ ಆ ದಿನವೇ ಹೇಳಿಬಿಡು. ನಿನ್ನ ಪಿಯಾನೊವನ್ನು ವರ್ಷಕ್ಕೆ ಎರಡು ಸಲ ಶ್ರುತಿ ಮಾಡಿಸು. ಶುಲ್ಕ ತಿಂಗಳ ಮೊದಲಿಗೇ ಕೊಡಬೇಕು, ರಜೆ ಬೇಕಾದರೆ 24 ಗಂಟೆ ಮುಂಚೆ ತಿಳಿಸಬೇಕು ಎಂಬೆರಡನ್ನೂ ಬರೆದು ಕೊಡು. ಬಾಯಿಮಾತಿಗೆ ಬಿಟ್ಟರೆ ಎರಡನೇ ತಿಂಗಳಲ್ಲೇ ಕಿರಿಕಿರಿ ಶುರು.

ಇಂತಿ,
ನಿನ್ನ ದೊಡ್ಡಮ್ಮ