ಕೈ ಹಿಂದೆ ಕಟ್ಟಿಕೊಂಡು ನಿಲ್ಲು

ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ತಿಂಗಳು ರಜೆ ಹಾಕಿ, ಸಂಬಳವಿಲ್ಲದೆ, ಹೊರದೇಶದ ರೆಸಿಡೆಂಟ್‌ಗಳಿಗೆ (ತರಬೇತಿಯಲ್ಲಿರುವ ವೈದ್ಯರಿಗೆ) ಅನಸ್ತೇಷಿಯಾ ಕಲಿಸಲು ಹೊರಟಿದ್ದೀಯಂತೆ. ಅಮ್ಮ ಹೇಳಿದಳು. ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ನಿನ್ನ ಕೈ ತುಂಬಾ ಚುರುಕು. ಅದೇ ತೊಂದರೆ.

ನಾನು ಮೊದಲ ಸಲ ಹೀಗೆ ಹೋದಾಗ ಏನು ಮಾಡಿದೆ ಕೇಳು. ಎರಡನೇ ವರ್ಷದ ರೆಸಿಡೆಂಟ್ ಹುಡುಗನೊಬ್ಬ ರೋಗಿಯ ತಲೆಯ ಹತ್ತಿರ ನಿಂತಿದ್ದ. ಎಡಗೈಯಲ್ಲಿ ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ, ದೀಪವಿರುವ ಉಪಕರಣ), ಮಣಿಕಟ್ಟು ನಡುಗುತ್ತಿತ್ತು. ಬ್ಲೇಡ್ ನಾಲಿಗೆಯ ನಟ್ಟನಡುವೆ ಹೋಗಿ ಕೂತಿತ್ತು. ಬಲಗಡೆಯಿಂದ ತೂರಿಸಿ ನಾಲಿಗೆಯನ್ನು ಎಡಕ್ಕೆ ಸರಿಸಬೇಕಿತ್ತು, ಅಷ್ಟೇ. ರಕ್ತದಲ್ಲಿ ಆಕ್ಸಿಜನ್ ಶೇಕಡಾ 98 ಇತ್ತು, ಬೇಕಾದಷ್ಟು ಸಮಯವಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು "ಕೊಡಪ್ಪ ಇಲ್ಲಿ" ಅಂತ ಕಿತ್ತುಕೊಂಡು ಹತ್ತು ಸೆಕೆಂಡಿನಲ್ಲಿ ಉಸಿರಾಟದ ಟ್ಯೂಬ್ ಇಳಿಸಿಬಿಟ್ಟೆ. ಎಲ್ಲರೂ ಭೇಷ್ ಅಂದರು. ಸಂಜೆ ಮೆಟ್ಟಿಲ ಮೇಲೆ ಕೂತಿದ್ದಾಗ ಆ ಹುಡುಗ ಮೆಲ್ಲಗೆ ಕೇಳಿದ: "ಸರ್, ನೀವು ಹೊರಡೋದು ಯಾವತ್ತು?" ಹೇಳಿದೆ. "ಮಾರನೇ ದಿನ ನನಗೆ ನೈಟ್ ಡ್ಯೂಟಿ. ಒಬ್ಬನೇ" ಅಂದ.

ಆಮೇಲೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುವುದನ್ನು ಕಲಿತೆ. ಟ್ಯೂಬ್ ಹಾಕುವುದಕ್ಕಿಂತ ಅದೇ ಕಷ್ಟ. ರೋಗಿಗೆ ಅಪಾಯ ಅನ್ನಿಸಿದ ಕೂಡಲೇ ಮುಂದೆ ಬಾ, ಅದರಲ್ಲಿ ದಾಕ್ಷಿಣ್ಯ ಬೇಡ. ಆದರೆ ಆಕ್ಸಿಜನ್ ಎಷ್ಟಕ್ಕೆ ಇಳಿದರೆ ನೀನು ಕೈ ಹಾಕುತ್ತೀಯ ಅಂತ ರೆಸಿಡೆಂಟ್‌ಗೆ ಮೊದಲೇ ಹೇಳಿರು. ಅಲ್ಲಿವರೆಗೆ ಕೇಸು ಅವರದು.

ಅಲ್ಲಿಲ್ಲದ ಯಂತ್ರದ ಬಗ್ಗೆ ಸ್ಲೈಡ್ ತೋರಿಸಿ ಪಾಠ ಮಾಡಬೇಡ. ಇರುವುದನ್ನು ಮೊದಲು ನೋಡು. ಕೆಟಮಿನ್ ಅನ್ನೋ ಅರಿವಳಿಕೆ ಔಷಧಿ ಕೊಡುವುದರಲ್ಲಿ ಅಲ್ಲಿನವರ ಕೈ ನಿನಗಿಂತ ಪಳಗಿರುತ್ತದೆ. ಸುಮ್ನೆ ಪಕ್ಕದಲ್ಲಿ ನಿಂತು ಕಲಿ.

ಒಂದು ತಿಂಗಳಲ್ಲಿ ಏನಾಗುತ್ತೆ ಅಂತ ಕೇಳುವವರಿಗೆ ನಾನು ಇಥಿಯೋಪಿಯಾದ ಕಥೆ ಹೇಳುತ್ತೇನೆ. 2003ರಲ್ಲಿ ಇಡೀ ದೇಶಕ್ಕೆ ಇದ್ದ ಮನೋವೈದ್ಯರು 11 ಜನ. ಮನೋವೈದ್ಯಶಾಸ್ತ್ರ ಓದಬೇಕೆಂದರೆ ಹೊರದೇಶಕ್ಕೇ ಹೋಗಬೇಕಿತ್ತು, ಹೋದವರಲ್ಲಿ ಬಹಳ ಜನ ಹಿಂದಿರುಗುತ್ತಿರಲಿಲ್ಲ. ಆ ವರ್ಷ ಅಡಿಸ್ ಅಬಾಬಾ ವಿಶ್ವವಿದ್ಯಾಲಯ ತನ್ನದೇ ಕೋರ್ಸ್ ಶುರು ಮಾಡಿತು. ಟೊರೊಂಟೊ ವಿಶ್ವವಿದ್ಯಾಲಯದ ವೈದ್ಯರು ಸಣ್ಣ ತಂಡವಾಗಿ ವರ್ಷಕ್ಕೆ ಮೂರು ಸಲ, ಒಂದೊಂದು ತಿಂಗಳು ಹೋಗಿ ಕಲಿಸಿದರು. ಉಳಿದ ತಿಂಗಳುಗಳ ಭಾರ ಹೊತ್ತವರು ಅಲ್ಲಿನ ಮೇಷ್ಟ್ರುಗಳೇ. ಅಲ್ಲಿ ಕಲಿತ ಹುಡುಗರೇ ಮುಂದೆ ಪಾಠ ಮಾಡುವವರಾದರು. ಒಬ್ಬರು ಒಂದೇ ಸಲ ಹೋಗಿ ಫೋಟೊ ತೆಗೆಸಿಕೊಂಡು ಬಂದಿದ್ದರೆ ಇದೆಲ್ಲ ಆಗುತ್ತಿತ್ತಾ? ಹಾಗಾಗಿ, ಹೋಗುವುದಾದರೆ ಮತ್ತೆ ಹೋಗುವ ಮನಸ್ಸಿಟ್ಟುಕೊಂಡೇ ಹೋಗು.

ಆ ದೇಶದ ವೈದ್ಯಕೀಯ ಮಂಡಳಿಯ ತಾತ್ಕಾಲಿಕ ಪರವಾನಗಿ ಕೈಗೆ ಬರುವವರೆಗೆ ರೋಗಿಯನ್ನು ಮುಟ್ಟಬೇಡ. ಅವಧಿ ಮುಗಿದ ಔಷಧಿ ಒಯ್ಯಬೇಡ. ರೆಸಿಡೆಂಟ್‌ಗಳ ಎದುರಿಗೆ ಅವರ ಮೇಷ್ಟ್ರನ್ನು ತಿದ್ದಬೇಡ, ಹೇಳುವುದಿದ್ದರೆ ಬಾಗಿಲು ಹಾಕಿಕೊಂಡು ಹೇಳು.

ಮತ್ತೆ, ಅವರ ಲ್ಯಾರಿಂಗೋಸ್ಕೋಪಿಗೆ ಯಾವ ಬಲ್ಬ್ ಹಿಡಿಸುತ್ತೆ ಅಂತ ಈಗಲೇ ಮೇಲ್ ಹಾಕಿ ಕೇಳು. ನಾನು ಕೇಳದೆ ಒಂದು ಡಬ್ಬಿ ಹೊತ್ತುಕೊಂಡು ಹೋಗಿದ್ದೆ. ಒಂದೂ ಕೂರಲಿಲ್ಲ. ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲೇ ಬಿದ್ದಿವೆ.

ನಿನ್ನ ದೊಡ್ಡಪ್ಪ