ಗಾಯ ಕಾಣದಿದ್ದರೆ ಹಿಂಸೆಯಲ್ಲವೇ?

ಮಾನ್ಯರೇ,

ಠಾಣೆಯ ‘ಥರ್ಡ್ ಡಿಗ್ರಿ’ಯನ್ನು ಚಿತ್ರಹಿಂಸೆ ಎಂದು ಹೆಸರಿಸಿ ಶಿಕ್ಷಿಸುವ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿ ಇಂದಿಗೂ ಇಲ್ಲ. ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಭಾರತ 1997ರಲ್ಲೇ ಸಹಿ ಹಾಕಿತು, ಅನುಮೋದಿಸಲಿಲ್ಲ. ಇರುವುದು ಭಾರತೀಯ ನ್ಯಾಯ ಸಂಹಿತೆಯ 120ನೇ ಸೆಕ್ಷನ್: ಬಾಯಿ ಬಿಡಿಸಲು ನೋವುಂಟು ಮಾಡಿದರೆ 7 ವರ್ಷ, ತೀವ್ರ ಗಾಯಪಡಿಸಿದರೆ 10 ವರ್ಷದವರೆಗೆ ಸಜೆ. ಐಪಿಸಿಯ 330, 331ನೇ ಸೆಕ್ಷನ್‌ಗಳೇ ಸಂಖ್ಯೆ ಬದಲಿಸಿ ಬಂದಿವೆ, ಅಷ್ಟೆ. ಮೂರು ರಾತ್ರಿ ನಿದ್ದೆಗೆಡಿಸುವುದು, ‘ಹೆಂಡತಿಯನ್ನೂ ಠಾಣೆಗೆ ಎಳೆತರುತ್ತೇವೆ’ ಎಂದು ಹೆದರಿಸುವುದು ಇದರೊಳಗೆ ಸುಲಭಕ್ಕೆ ಹೊಂದುವುದಿಲ್ಲ.

ಹೊಡೆಯುವವರಿಗೂ ಇದು ಗೊತ್ತು. ಅಂಗಾಲಿಗೆ ಲಾಠಿ ಬೀಸಿದರೆ ಚರ್ಮ ಒಡೆಯುವುದು ಕಡಿಮೆ. ಎಲುಬು ಮುರಿಯದಿದ್ದರೆ ಎಕ್ಸ್‌ರೇಯಲ್ಲೂ ಏನೂ ಕಾಣದು, ಊತ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೈಗಳನ್ನು ಹಿಂದಕ್ಕೆ ಕಟ್ಟಿ, ಅವುಗಳಿಂದಲೇ ನೇತುಹಾಕಿ ‘ಏರೋಪ್ಲೇನ್’ ಹತ್ತಿಸಿದರೆ ಪೆಟ್ಟಾಗುವುದು ಭುಜದ ನರಗಳಿಗೆ. ತೋಳೆತ್ತಿಸಿ, ಹಿಡಿತ ಪರೀಕ್ಷಿಸಿದರೆ ಮಾತ್ರ ತಿಳಿಯುತ್ತದೆ. ತೊಡೆಗೆ ಸತತ ಏಟು ಬಿದ್ದಾಗ ನಜ್ಜಾದ ಸ್ನಾಯುವಿನ ಪ್ರೋಟೀನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಸ್ನಾಯುವಿನ ಹಾನಿ ತೋರುವ ಸಿಪಿಕೆ, ಮೂತ್ರಪಿಂಡದ ಸ್ಥಿತಿ ತೋರುವ ಕ್ರಿಯಾಟಿನಿನ್ ಪರೀಕ್ಷೆಗೆ ಕೂಡಲೇ ರಕ್ತ ಕಳಿಸಬೇಕು. ಆಸ್ಪತ್ರೆಯಲ್ಲಿ ನಡೆಯುವುದೇನು? ಕರೆತಂದ ಪೇದೆ ಪಕ್ಕದಲ್ಲೇ ನಿಂತಿರುತ್ತಾನೆ. ‘ಏನಾದ್ರೂ ತೊಂದ್ರೆ ಇದ್ಯಾ?’ ಎಂಬ ಒಂದು ಪ್ರಶ್ನೆ, ‘ಮೈಮೇಲೆ ಗಾಯಗಳಿಲ್ಲ’ ಎಂಬ ಒಂದು ಸಾಲು. ಬಂಧಿತರನ್ನು 48 ಗಂಟೆಗೊಮ್ಮೆ ತಪಾಸಣೆಗೆ ಒಳಪಡಿಸಬೇಕೆಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ಇಂಥ ಷರಾ ಬರೆಸಲಿಕ್ಕಲ್ಲ.

ಗಾಯವೇ ಅಳತೆಗೋಲಲ್ಲ ಎಂಬುದನ್ನು ಅದೇ ನ್ಯಾಯಾಲಯ 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಒಪ್ಪಿದೆ. ಸಮ್ಮತಿಯಿಲ್ಲದ ಮಂಪರು ಪರೀಕ್ಷೆಯನ್ನು ಕ್ರೂರ, ಅಮಾನವೀಯ ಅಥವಾ ಹೀನಾಯ ವರ್ತನೆಯ ಸಾಲಿಗೆ ಸೇರಿಸಿತು. ಸೂಜಿ ಚುಚ್ಚಿದ ಗುರುತು ಬಿಟ್ಟರೆ ಅಲ್ಲಿ ಮೈಮೇಲೆ ಏನಿರುತ್ತದೆ? ವಿಪರ್ಯಾಸವೆಂದರೆ, ಮರುದಿನವೇ ಲೋಕಸಭೆ ಅಂಗೀಕರಿಸಿದ ಚಿತ್ರಹಿಂಸೆ ತಡೆ ಮಸೂದೆ, ಚಿತ್ರಹಿಂಸೆ ಎನ್ನಲು ತೀವ್ರ ಗಾಯವನ್ನೋ, ಜೀವ–ಆರೋಗ್ಯಕ್ಕೆ ಅಪಾಯವನ್ನೋ ಕೇಳುತ್ತಿತ್ತು. 6 ತಿಂಗಳೊಳಗೆ ದೂರು, ಮೇಲೆ ಸರ್ಕಾರದ ಪೂರ್ವಾನುಮತಿ ಬೇರೆ! ಅದು ಬಿದ್ದುಹೋಯಿತು. ಬಿದ್ದದ್ದೇ ಒಳ್ಳೆಯದು.

‘ಭಯೋತ್ಪಾದಕನಿಗೆ ಉಪಚಾರ ಮಾಡಬೇಕೆ?’ ಎನ್ನುವವರಿದ್ದಾರೆ. ಹೊಡೆದು ಬಾಯಿ ಬಿಡಿಸಿದರೂ ಏನು ಬಂತು? ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಮಾನ್ಯವಾಗಿ ಸಾಕ್ಷ್ಯವೇ ಅಲ್ಲ. ಆದರೆ ಹೇಳಿಕೆಯಿಂದ ವಸ್ತುವೊಂದು ಪತ್ತೆಯಾದರೆ ಅಷ್ಟು ಭಾಗ ಊರ್ಜಿತ. ಲಾಠಿ ಎತ್ತುವ ಆಸೆ ಹುಟ್ಟುವುದು ಇಲ್ಲಿಯೇ.

ಕಾನೂನು ಆಯೋಗ 2017ರ 273ನೇ ವರದಿಯಲ್ಲಿ ಹೊಸ ಕರಡು ಕೊಟ್ಟಿದೆ. ಕಸ್ಟಡಿಯಲ್ಲಿ ಗಾಯವಾದರೆ ಅದು ಪೊಲೀಸರಿಂದಲೇ ಆದದ್ದೆಂದು ನ್ಯಾಯಾಲಯ ಭಾವಿಸಬಹುದು, ಅಲ್ಲವೆಂದು ತೋರಿಸುವ ಹೊಣೆ ಅವರದು ಎಂಬುದು ವರದಿಯ ಜೀವಾಳ. ಆ ಕರಡಿಗೆ ನಿದ್ರಾಭಂಗ, ಬೆದರಿಕೆಯಂಥ ಮಾನಸಿಕ ಯಾತನೆಗಳನ್ನು ಹೆಸರಿಟ್ಟು ಸೇರಿಸಿ, ವೈದ್ಯರ ತಪಾಸಣೆ ವೇಳೆ ಪೊಲೀಸರು ಬಾಗಿಲ ಹೊರಗಿರಬೇಕೆಂಬ ನಿಯಮದೊಂದಿಗೆ ಮುಂದಿನ ಅಧಿವೇಶನದಲ್ಲೇ ಕೇಂದ್ರ ಸರ್ಕಾರ ಮಂಡಿಸಲಿ.

– ವಕೀಲರ ಬಳಗ, ಧಾರವಾಡ